ಶೆಲ್ಟರ್‌ನಿಂದ ಎರಡು ಬೆಕ್ಕು ತಂದು ನಾಲ್ಕು ದಿನ ಆಯ್ತು, ಒಂದು ದಿವಾನ್ ಕೆಳಗಿಂದ ಈಚೆಗೇ ಬರ್ತಿಲ್ಲ, ಏನ್ ಮಾಡ್ಲಿ?

ಮೂರನೇಮಹಡಿ:

ಎಲ್ರಿಗೂ ನಮಸ್ಕಾರ. ಇಷ್ಟ್ ದಿನ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಈಗ ನಾನೇ ಕೇಳೋ ಹಾಗಾಗಿದೆ. ನಾವಿರೋದು ರಾಜಾಜಿನಗರದಲ್ಲಿ, ಮೂರನೇ ಮಹಡಿ, ಎರಡು ಬೆಡ್‌ರೂಮಿನ ಮನೆ. ನಾನು, ಯಜಮಾನ್ರು, ಎಂಟು ವರ್ಷದ ಮಗಳು, ಅತ್ತೆ. ಮಗಳು ಎರಡು ವರ್ಷದಿಂದ ಬೆಕ್ಕು ಬೇಕು ಬೆಕ್ಕು ಬೇಕು ಅಂತ ಪ್ರಾಣ ತಿಂತಿದ್ಲು, ಕೊನೆಗೆ ಹೋದ ಶನಿವಾರ ಊರಾಚೆ ಇರೋ ಒಂದು ಶೆಲ್ಟರ್‌ಗೆ ಹೋದ್ವಿ. ಒಂದೇ ತರೋದು ಅಂತ ಹೋಗಿದ್ದು, ಅಲ್ಲಿಯವ್ರು ಇವೆರಡೂ ಅಕ್ಕ ತಂಗಿ, ಹುಟ್ಟಿದಾಗಿಂದ ಒಂದರ ಮೇಲೊಂದು ಮಲ್ಕೊಂಡೇ ಬೆಳೆದಿವೆ, ಬೇರೆ ಮಾಡಿದ್ರೆ ಕೊರಗ್ತವೆ ಅಂದ್ರು, ಮಗಳು ಅಳೋಕೆ ಶುರು ಮಾಡಿದ್ಲು, ಸರಿ ಎರಡೂ ಬಂದ್ವು. ಒಂದೂವರೆ ವರ್ಷ ವಯಸ್ಸು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ವ್ಯಾಕ್ಸಿನ್ ಕಾರ್ಡ್ ಕೊಟ್ಟಿದ್ದಾರೆ. ಬೂದಿ ಬಣ್ಣದ ಪಟ್ಟೆ ಇರೋದು ರಾಗಿ, ಬಿಳಿ ಮೇಲೆ ಕಿತ್ತಳೆ ಮಚ್ಚೆ ಇರೋದು ಕೇಸರಿ, ಮಗಳೇ ಇಟ್ಟ ಹೆಸರು.

ಒಂದು ರಟ್ಟಿನ ಡಬ್ಬಕ್ಕೆ ತೂತು ಮಾಡಿ ಅದರಲ್ಲಿ ಕೂರಿಸ್ಕೊಂಡು ಬಂದ್ವಿ, ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಕೇಸರಿ ಡಬ್ಬದೊಳಗೇ ಉಚ್ಚೆ ಮಾಡ್ತು, ತಳ ನೆನೆದು ಕಿತ್ಕೊಂಡು ಬಂತು, ಅಲ್ಲಿಂದ ಮನೆವರೆಗೂ ಎರಡನ್ನೂ ಟವೆಲ್‌ನಲ್ಲಿ ಸುತ್ತಿ ಹಿಡ್ಕೊಂಡಿದ್ದೆ. ಮನೆ ಬಾಗಿಲು ತೆಗೆದಿದ್ದೇ ತಡ ರಾಗಿ ನನ್ನ ಕೈಯಿಂದ ಹಾರಿ ಅತ್ತೆ ರೂಮಿನ ದಿವಾನ್ ಕೆಳಗೆ ನುಗ್ಗಿದ್ದು, ಇವತ್ತಿಗೆ ನಾಲ್ಕು ದಿನ, ನಾವು ಎದುರಿಗಿದ್ದಾಗ ಒಂದು ಸಲಾನೂ ಈಚೆ ಬಂದಿಲ್ಲ. ಬಗ್ಗಿ ನೋಡಿದ್ರೆ ಗೋಡೆ ಮೂಲೆಲಿ ಎರಡು ಕಣ್ಣು ಮಾತ್ರ ಕಾಣುತ್ತೆ. ಭಾನುವಾರ ಅಕ್ಕಪಕ್ಕದ ಮಕ್ಕಳೆಲ್ಲ ನೋಡೋಕೆ ಬಂದ್ರು, ಮಗಳು ತೋರಿಸ್ತೀನಿ ಅಂತ ಕೈ ಹಾಕಿ ಎಳೆಯೋಕೆ ಹೋಗಿ ಮಣಿಕಟ್ಟು ಪರಚಿಸ್ಕೊಂಡ್ಲು, ಸ್ವಲ್ಪ ರಕ್ತ ಬಂತು, ಡೆಟಾಲ್ ಹಚ್ಚಿದೀನಿ.

ಕೇಸರಿ ಪರವಾಗಿಲ್ಲ, ಮನೆಯೆಲ್ಲ ಓಡಾಡುತ್ತೆ ಊಟ ಮಾಡುತ್ತೆ, ಆದ್ರೆ ರಾತ್ರಿ ಮೂರು ಗಂಟೆಗೆ ದೇವರ ಮನೆ ಬಾಗಿಲ ಮುಂದೆ ಕೂತು ಮಗು ಅತ್ತ ಹಾಗೆ ಕೂಗುತ್ತೆ. ಲಿಟ್ಟರ್ ಟ್ರೇ ಬಾಲ್ಕನಿಲಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದೀವಿ, ಅದರಲ್ಲಿ ಒಂದು ಸಲ ಮಾಡಿದೆ, ಎರಡು ಸಲ ಕಾಲೊರೆಸೋ ಮ್ಯಾಟ್ ಮೇಲೆ ಮಾಡಿದೆ. ನಿನ್ನೆಯಿಂದ ಸೀನ್ತಾ ಇದೆ, ಎಡಗಣ್ಣಲ್ಲಿ ನೀರು. ರಾಗಿ ಏನಾದ್ರೂ ತಿಂತಿದೆಯಾ ಅನ್ನೋದೇ ಗೊತ್ತಾಗ್ತಿಲ್ಲ, ಬಟ್ಟಲು ಖಾಲಿ ಆಗುತ್ತೆ ಆದ್ರೆ ಕೇಸರಿನೇ ತಿಂದಿರಬಹುದು. ನಾವು ಸಸ್ಯಾಹಾರಿಗಳು, ಹಾಲು ಮೊಸರನ್ನ ಕೊಡ್ತಿದೀವಿ, ಜೊತೆಗೆ ಶೆಲ್ಟರ್‌ನವ್ರು ಕೊಟ್ಟ ಒಂದು ಪ್ಯಾಕೆಟ್ ಒಣ ಫುಡ್.

ಅತ್ತೆ ಬೇರೆ ಶನಿವಾರ ಯಾರಾದ್ರೂ ಬೆಕ್ಕು ತರ್ತಾರೇನೇ ಅಂತ ದಿನಕ್ಕೆ ಹತ್ತು ಸಲ. ವಾಸನೆ ಅಂತ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸ್ತಿದಾರೆ. ಯಜಮಾನ್ರು ಇನ್ನೊಂದು ವಾರ ನೋಡಿ ವಾಪಸ್ ಬಿಟ್ಟು ಬರೋಣ ಅಂತಿದಾರೆ. ನಾವು ಏನಾದ್ರೂ ತಪ್ಪು ಮಾಡಿದ್ವಾ? ಅದಕ್ಕೆ ನಾವು ಇಷ್ಟ ಇಲ್ವಾ? ಎಷ್ಟು ದಿನ ಕಾಯ್ಬೇಕು?

ಪುಚ್ಚೆಮನೆ:

ಮಾರಾಯ್ರೇ, ಮೊದ್ಲು ಮಗಳನ್ನು ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಬೆಕ್ಕಿನ ಸಂಗತಿ ಆಮೇಲೆ. ರಕ್ತ ಬಂದಿದೆ ಅಂದ ಮೇಲೆ ಡೆಟಾಲ್ ಹಚ್ಚಿ ಸುಮ್ನೆ ಕೂರುದಲ್ಲ. ಪರಚಿದ ಕೂಡ್ಲೇ ನಲ್ಲಿ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೀಬೇಕಿತ್ತು, ಅದು ತಪ್ಪಿ ಹೋಯ್ತು, ಇರ್ಲಿ. ಬೆಕ್ಕಿಗೆ ರೇಬೀಸ್ ಇಂಜೆಕ್ಷನ್ ಆಗಿದ್ರೂ ಕಾರ್ಡ್ ಹಿಡ್ಕೊಂಡು ಹೋಗಿ ತೋರಿಸಿ, ಮಗುವಿಗೆ ಎಷ್ಟು ಸೂಜಿ ಬೇಕು ಅಂತ ಅವ್ರೇ ಹೇಳ್ತಾರೆ. ಇವತ್ತೇ ಹೋಗಿ.

ಇನ್ನು ನಿಮ್ಮ ರಾಗಿ. ನಾಲ್ಕು ದಿನ ಒಂದು ಲೆಕ್ಕವೇ ಅಲ್ಲ. ನಮ್ಮ ಮನೆಗೆ ಈಗ ಒಟ್ಟು ಆರು ಬಂದು ಹೋಗಿವೆ (ಈಗ ಮೂರು ಉಂಟು), ಅದ್ರಲ್ಲಿ ಕಾಳು ಅಂತ ಒಂದು ಮಾಳ ಬೆಕ್ಕು ಹನ್ನೊಂದು ದಿನ ಫ್ರಿಜ್ಜಿನ ಹಿಂದೆ ಕೂತಿತ್ತು, ಅಲ್ಲಿ ಬೆಚ್ಚಗೆ ಇರ್ತದಲ್ಲ ಅದಕ್ಕೆ. ನಾನೂ ನಿಮ್ಮ ಮಗಳ ಹಾಗೇ ಕೈ ಹಾಕಿದ್ದೆ, ಗುರುತು ಇನ್ನೂ ಉಂಟು. ಹನ್ನೆರಡನೇ ದಿನ ರಾತ್ರಿ ನಾನು ಅಡುಗೆ ಮನೆಯಲ್ಲಿ ಬೂತಾಯಿ ಮೀನು ಕ್ಲೀನ್ ಮಾಡ್ತಾ ಇದ್ದೆ, ಹಿಂದಿನಿಂದ ಏನೋ ಕಾಲಿಗೆ ತಾಗಿತು. ಅಷ್ಟೇ. ಆಮೇಲೆ ಏಳು ವರ್ಷ ಕಾಲು ಬಿಡ್ಲಿಲ್ಲ.

ನಿಮ್ಮದ್ರಲ್ಲಿ ಆದ ತಪ್ಪು ಅಂದ್ರೆ ಒಂದೇ, ಬಂದ ದಿನವೇ ಇಡೀ ಮನೆ ಬಿಟ್ಟು ಕೊಟ್ಟದ್ದು. ನಮಗೆ ಅದು ಧಾರಾಳತನ, ಬೆಕ್ಕಿಗೆ ಅದು ಹೆದರಿಕೆ. ಅದು ಜಾಗ ಗುರುತು ಹಿಡಿಯುದು ಕಣ್ಣಿಂದ ಅಲ್ಲ, ವಾಸನೆಯಿಂದ. ಕೆನ್ನೆ ಉಜ್ಜುತ್ತದಲ್ಲ ಬಾಗಿಲಿಗೆ, ಕುರ್ಚಿ ಕಾಲಿಗೆ, ಅಲ್ಲೆಲ್ಲ ತನ್ನ ವಾಸನೆ ಹಚ್ಚುದು ಅದು, ಇದು ನಂದು ಅಂತ. ಇಡೀ ಮನೆಯಲ್ಲಿ ಒಂದು ಕಡೆಯೂ ತನ್ನ ವಾಸನೆ ಇಲ್ಲದಿದ್ರೆ ಅದು ಎಲ್ಲಿ ಅಂತ ನಿಲ್ಲುದು? ಬಾಣಂತಿ ಕೋಣೆ ಇರ್ತದಲ್ಲ ನಮ್ಮ ಕಡೆ, ಹಾಗೆ ಒಂದು ಕೋಣೆ ಮಾಡಿ ಕೊಡಿ. ಮಂದ ಬೆಳಕು, ಜನ ಕಡಿಮೆ, ಗದ್ದಲ ಇಲ್ಲ, ಹೊತ್ತಿಗೆ ಸರಿಯಾಗಿ ಊಟ, ನೋಡ್ಲಿಕ್ಕೆ ಬಂದವರಿಗೆ ಬಾಗಿಲಿನಿಂದಲೇ ನಮಸ್ಕಾರ. ಎರಡನ್ನೂ ಅದೇ ಕೋಣೆಯಲ್ಲಿ ಇಡಿ. ಒಂದು ಮೂಲೆಯಲ್ಲಿ ಊಟ, ಸ್ವಲ್ಪ ದೂರದಲ್ಲಿ ನೀರು, ಎದುರಿನ ಮೂಲೆಯಲ್ಲಿ ಟ್ರೇ. ಊಟದ ಹತ್ರ ಟ್ರೇ ಇಡ್ಬೇಡಿ, ನಾವು ಕಕ್ಕಸಲ್ಲಿ ಕೂತು ಊಟ ಮಾಡ್ತೇವಾ?

ದಿವಾನಿನ ಕೆಳಗೆ ಒಂದು ರಟ್ಟಿನ ಡಬ್ಬ ಅಡ್ಡ ಮಲಗಿಸಿ ಒಳಗೆ ನಿಮ್ಮದೊಂದು ಹಳೇ ಕಾಟನ್ ಸೀರೆ ಹಾಕಿ, ತೊಳೆದದ್ದು ಬೇಡ, ಉಟ್ಟು ಬಿಟ್ಟದ್ದು. ಡಬ್ಬ ಅಂದ್ರೆ ತಮಾಷೆ ಅಲ್ಲ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಶೆಲ್ಟರಿಗೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲಿಕ್ಕೆ ಡಬ್ಬ ಕೊಟ್ಟು, ಉಳಿದವಕ್ಕೆ ಕೊಡದೆ ನೋಡಿದ್ರು, 2014ರಲ್ಲಿ ಬಂದದ್ದು ಅದು. ಡಬ್ಬ ಸಿಕ್ಕಿದವು ಬೇಗ ಸುಧಾರಿಸಿಕೊಂಡವು. ಅಡಗಿ ಕೂರುದು ರೋಗ ಅಲ್ಲ, ಅದೇ ಅದಕ್ಕೆ ಮದ್ದು.

ತಿಂತದಾ ಇಲ್ವಾ ಅಂತ ತಿಳಿಯಲಿಕ್ಕೆ ಒಂದು ಉಪಾಯ: ರಾತ್ರಿ ಕೇಸರಿಯನ್ನು ಆ ಕೋಣೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿ, ದಿವಾನಿನ ಕೆಳಗೆ ಕೈ ಎಟುಕುವಷ್ಟು ದೂರ ಬಟ್ಟಲು ಸರಿಸಿ ಇಡಿ, ಒಳಗೆ ಇನ್ನೊಂದು ಟ್ರೇ. ಬೆಳಿಗ್ಗೆ ಕಡಿಮೆ ಆಗಿದ್ರೆ ಅದು ರಾಗಿಯೇ ತಿಂದದ್ದು. ಒಂದು ಇಡೀ ದಿನ ಏನೂ ಮುಟ್ಟದಿದ್ರೆ ಮಾತ್ರ ಕಾಯ್ಬೇಡಿ, ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ರೆ ಲಿವರಿಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯ, ನಾಯಿ ಹಾಗಲ್ಲ.

ಮತ್ತೆ ಬಗ್ಗಿ ಬಗ್ಗಿ ಇಣುಕುದು ನಿಲ್ಲಿಸಿ! ನಿಮ್ಮ ಮೂತಿ ಅದಕ್ಕೆ ಪ್ರತಿ ಗಂಟೆಗೊಮ್ಮೆ ಬಂದು ಹೋಗುವ ಹುಲಿ ಇದ್ದ ಹಾಗೆ. ಕೋಣೆಗೆ ಹೋಗಿ, ನೆಲದ ಮೇಲೆ ಬೆನ್ನು ತಿರುಗಿಸಿ ಕೂತು ಪೇಪರ್ ಓದಿ, ಫೋನ್ ನೋಡಿ. ಕಣ್ಣು ಕೂಡಿದ್ರೆ ದುರುಗುಟ್ಟಿ ನೋಡ್ಬೇಡಿ, ನಿದ್ದೆ ಬಂದ ಹಾಗೆ ಕಣ್ಣು ಅರ್ಧ ಮುಚ್ಚಿ ನಿಧಾನ ತೆಗೀರಿ. ಅದೂ ಹಾಗೇ ಮಾಡಿದ್ರೆ ಅರ್ಧ ಕೆಲಸ ಮುಗೀತು.

ವಾಪಸ್ ಬಿಡುದರ ಬಗ್ಗೆ ಮೂರು ತಿಂಗಳ ಮುಂಚೆ ಮಾತಾಡ್ಬೇಡಿ ಅಂತ ನಿಮ್ಮ ಯಜಮಾನ್ರಿಗೆ ಹೇಳಿ. ಮೂರು ದಿನ ಹೆದರಿಕೆ, ಮೂರು ವಾರ ಅಭ್ಯಾಸ, ಮೂರು ತಿಂಗಳಿಗೆ ಮನೆ ಅಂತ ಒಂದು ಅಂದಾಜು ಲೆಕ್ಕ ಶೆಲ್ಟರಿನವರೇ ಹೇಳ್ತಾರೆ. ಕಾಳು ಅದನ್ನೂ ಕೇಳ್ಲಿಲ್ಲ, ಅದು ಬೇರೆ ವಿಷಯ.

ಹುಬ್ಳಿಹೈದ:

ಅಕ್ಕಾರ, ಮ್ಯಾಲಿನವ್ರು ಎಲ್ಲಾ ಹೇಳ್ಯಾರ, ಒಂದು ಬಿಟ್ಟಾರ. ಮದ್ಲ ಆ ಫಿನಾಯಿಲ್ ಬಾಟ್ಲಿ ಎತ್ತಿ ಹೊರಗ ಇಡ್ರಿ. ಬೆಕ್ಕಿಗೆ ಅದು ವಿಷ ಐತ್ರಿ. ನೆಲಾ ಒರಸ್ತೀರಿ, ಅದರ ಮ್ಯಾಲೆ ಅಡ್ಡಾಡ್ತೈತಿ, ಆಮ್ಯಾಲೆ ಕಾಲು ನೆಕ್ಕೋತೈತಿ, ಒಳಗ ಹೋತು. ನಮ್ಮ ಲಿವರಿನ್ಯಾಗ ಅಂಥಾವನ್ನ ಮುರಿಯೋ ಕಸುವು ಇರ್ತೈತಿ, ಬೆಕ್ಕಿಗೆ ಅದು ಭಾಳ ಕಮ್ಮಿ. ನೀವು ಹಚ್ಚಿದ ಡೆಟಾಲ್‌ನೂ ಅದ ಜಾತಿ, ನೀರಿಗೆ ಹಾಕಿದ್ರ ಹಾಲಿನಂಗ ಬೆಳ್ಳಗ ಆಗೂವನ್ನ ಬೆಕ್ಕಿದ್ದ ಮನ್ಯಾಗ ಬಳಸಬ್ಯಾಡ್ರಿ ಅಂತ ನಮ್ಮ ಡಾಕ್ಟ್ರು ಹೇಳಿದ್ರು. ನಮ್ಮನ್ಯಾಗ ಮೂರು ವರ್ಷದ ಹಿಂದ ಕೆಲಸದಾಕಿ ಕರೇ ಫಿನಾಯಿಲ್ ಬಕೀಟಿಗೆ ಸುರದು ಒರಸಿ ಹೋಗಿದ್ಲು, ಸಂಜೀಕ ನಮ್ಮ ಗುಂಡ್ಯಾ ಬಾಯಿಂದ ಜೊಲ್ಲು ಸುರಿಸ್ಕೋಂತ ಓಲಾಡ್ಲಿಕ್ಕತ್ತಿದ್ದ, ಎರಡು ದಿನ ಸಲೈನ್ ಹಚ್ಚಿದ್ರು. ಪುಣ್ಯಾಕ ಉಳದ. ಆವತ್ತಿಂದ ಬಿಸಿನೀರು, ಚೂರು ಪಾತ್ರೆ ತೊಳಿಯೋ ಸೋಪು, ಮುಗೀತು.

ಮ್ಯಾಟ್ ಮ್ಯಾಲೆ ಉಚ್ಚಿ ಹೊಯ್ತೈತಿ ಅಂದ್ರಲ್ಲ, ಆ ಮ್ಯಾಟ್ ಒಗದು ಮತ್ತ ಹಾಸಬ್ಯಾಡ್ರಿ, ಒಗದ್ರೂ ಅದಕ್ಕ ವಾಸನಿ ಗೊತ್ತಾಕ್ಕೈತಿ. ಎನ್‌ಜೈಮ್ ಇರೋ ಕ್ಲೀನರ್ ಸಿಗ್ತಾವ, ಇಲ್ಲಾಂದ್ರ ಮ್ಯಾಟ್ ಹೊರಗ ಬಿಸಾಡಿ ಬಿಡ್ರಿ, ನೂರು ರೂಪಾಯಿದ್ದು. ಮತ್ತ ವಾಷಿಂಗ್ ಮಷಿನ್ ಬಾಜೂಕ ಟ್ರೇ ಇಟ್ಟೀರಿ, ಅದು ಕುಂತಾಗ ಮಷಿನ್ ಸ್ಪಿನ್ ಆಗಿ ಗಡಗಡ ಅಂದ್ರ? ನೀವ ಹೋಗ್ತೀರೇನು ಮತ್ತ ಅಲ್ಲಿ? ಎರಡು ಬೆಕ್ಕಿಗೆ ಮೂರು ಟ್ರೇ ಲೆಕ್ಕ ಐತಿ, ಜಾಗ ಇಲ್ಲಾಂದ್ರ ಎರಡರ ಇಡ್ರಿ.

ಹಾಲು ಮೊಸರು ಬಂದ್ ಮಾಡ್ರಿ. ದೊಡ್ಡ ಬೆಕ್ಕಿಗೆ ಹಾಲು ಪಚನ ಆಗೂದಿಲ್ಲ, ಭಾಳ ಬೆಕ್ಕಿಗೆ ಹೊಟ್ಟಿ ಕೆಡ್ತೈತಿ. ಕೃಷ್ಣದೇವರಾಯ ಹಾಲಿಗಂತ ಒಂದು ಆಕಳಾನ ಕೊಟ್ರೂ ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡ ಕೂಡ್ಲೆ ಓಡಿ ಹೋಕ್ಕಿತ್ತಲ್ಲ, ಅದ ಶಾಣ್ಯಾ ಬೆಕ್ಕು 😄 ಮೊಸರನ್ನ ಅಷ್ಟ ತಿನ್ಕೊಂಡು ಬೆಕ್ಕು ಬಾಳೂದಿಲ್ರಿ, ಅದಕ್ಕ ಟಾರಿನ್ ಅಂತ ಒಂದು ಬೇಕಾಕ್ಕೈತಿ, ಅದು ಮಾಂಸ, ಮೀನಿನ್ಯಾಗ ಸಿಗ್ತೈತಿ, ಸಿಗಲಿಲ್ಲಂದ್ರ ತಿಂಗಳಾನುಗಟ್ಲೆ ಹೋಗ್ತ ಹೋಗ್ತ ಕಣ್ಣು ಹೋಗ್ತಾವ, ಹೃದಯ ಕೆಡ್ತೈತಿ. ನೀವು ಅಡಗಿ ಮಾಡೂದು ಬ್ಯಾಡ, ಪ್ಯಾಕೆಟ್ ಫುಡ್‌ನ್ಯಾಗ ಹಾಕಿರ್ತಾರ. ಆದ್ರ ಬೆಕ್ಕಿಂದ ತರ್ರಿ, ನಾಯಿದು ಬ್ಯಾಡ. ನಮ್ಮವ್ವನೂ ಲಿಂಗಾಯತ ಮನಿ, ಮೀನಿನ ವಾಸನಿ ಅಂತ ಒಂದು ತಿಂಗಳು ಮೂಗು ಮುಚ್ಕೊಂಡು ಅಡ್ಡಾಡಿದ್ಲು, ಈಗ ಆಕೀನ ಡಬ್ಬಿ ತಗದು ಹಾಕ್ತಾಳ, ಬಟ್ಟಲಾ ಮಾತ್ರ ಬ್ಯಾರೆ, ತೊಳಿಯೋ ಜಾಗಾನೂ ಬ್ಯಾರೆ.

ಕೊತ್ತಿರಾಯ_ಮದ್ದೂರು:

ಏನ್ ಸ್ವಾಮಿ ಕೊತ್ತಿಗೆ ಬಾಣಂತಿ ರೂಮು ಡಬ್ಬ ಸೀರೆ ಅಂತ, ನಮ್ಮೂರಲ್ಲಿ ಗೋಣಿಚೀಲದಲ್ಲಿ ತುಂಬ್ಕಂಡು ಬಂದು ಹಟ್ಟಿಲಿ ಬಿಟ್ರೆ ಎರಡು ದಿನಕ್ಕೆ ಇಲಿ ಹಿಡಿತಾ ಕೂತಿರ್ತದೆ. ಜಾಸ್ತಿ ತಲೆ ಕೆಡಿಸ್ಕಬೇಡಿ. ಬಾಗ್ಲು ತೆಗ್ದು ಬಿಡಿ, ಇರೋದು ಇರ್ತದೆ ಹೋಗೋದು ಹೋಯ್ತದೆ.

ಪುಚ್ಚೆಮನೆ:

@ಕೊತ್ತಿರಾಯ_ಮದ್ದೂರು ನಿಮ್ಮ ಹಟ್ಟಿಯಲ್ಲಿ ಹೋದದ್ದು ಹೊಲಕ್ಕೆ ಹೋಗ್ತದೆ, ಇವರದ್ದು ಮೂರನೇ ಮಹಡಿ, ಕೆಳಗೆ ಬಸ್ ರೂಟ್. ಹೋದದ್ದು ಎಲ್ಲಿಗೆ ಹೋಗ್ತದೆ ಅಂತ ನೀವೇ ಹೇಳಿ.

ಕೊತ್ತಿರಾಯ_ಮದ್ದೂರು:

ಅದೂ ಸರಿ ಬುಡಿ.

ಸೂಜಿಮದ್ದು:

ನಾನು ಡಾಕ್ಟರ್ ಅಲ್ಲ, ಒಂದು ಪಶು ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಕೆಲಸ, ಟೇಬಲ್ ಮೇಲೆ ಬೆಕ್ಕು ಹಿಡ್ಕೊಳೋದೇ ನನ್ನ ಡ್ಯೂಟಿ, ಆ ಅನುಭವದಲ್ಲಿ ಹೇಳ್ತೀನಿ.

ಕೇಸರಿ ಸೀನೋದು ಕಣ್ಣಲ್ಲಿ ನೀರು ಬರೋದು ಶೆಲ್ಟರ್‌ನಿಂದ ಬಂದ ಬೆಕ್ಕುಗಳಲ್ಲಿ ನಾವು ವಾರ ವಾರ ನೋಡೋದೇ. ಬೆಕ್ಕಿನ ಹರ್ಪಿಸ್ ವೈರಸ್ ಅಂತ ಇದೆ, ಮರಿ ಇದ್ದಾಗ ಒಂದು ಸಲ ಬಂದ್ರೆ ನರದಲ್ಲಿ ಅಡಗಿ ಕೂತಿರುತ್ತೆ, ಜಾಗ ಬದಲಾದ್ರೆ ಟೆನ್ಷನ್ ಆದ್ರೆ ಮತ್ತೆ ಎದ್ದು ಬರುತ್ತೆ. ಮನುಷ್ಯರಿಗೆ ಅದು ಅಂಟಲ್ಲ, ಮಗಳ ಬಗ್ಗೆ ಭಯ ಬೇಡ. ತಿಳಿ ನೀರಾಗಿದ್ದು ಊಟ ಆಟ ಸರಿಯಾಗಿದ್ರೆ ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತೆ. ಹಳದಿ ಹಸಿರು ಗೀಜು ಕಟ್ಟಿದ್ರೆ, ಕಣ್ಣು ಮುಚ್ಕೊಂಡೇ ಇದ್ರೆ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದ್ರೆ ತಕ್ಷಣ ತನ್ನಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಬರಲ್ಲ, ವಾಸನೆ ಇಲ್ಲದ ಊಟ ಅದು ಮುಟ್ಟಲ್ಲ, ಅದೇ ತಾಪತ್ರಯ. ವೆಟ್ ಫುಡ್ಡನ್ನ ಬಟ್ಟಲ ಸಮೇತ ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಕೊಡಿ, ಘಮ ಏಳುತ್ತೆ. ಮನೇಲಿ ಉಳಿದಿರೋ ಯಾವ್ದೋ ಐ ಡ್ರಾಪ್ಸ್ ಹಾಕ್ಬೇಡಿ, ಸ್ಟೀರಾಯ್ಡ್ ಇದ್ರೆ ಕಣ್ಣಿನ ಗಾಯ ಜಾಸ್ತಿ ಆಗುತ್ತೆ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಅಂತೂ ಕೊಡ್ಲೇಬೇಡಿ. ಅರ್ಧ ಮಾತ್ರೆ ಸಾಕು ಒಂದು ಬೆಕ್ಕು ಸಾಯೋಕೆ. ನಮ್ಮಲ್ಲಿಗೆ ಒಬ್ಬರು ವಿದ್ಯಾವಂತರೇ, ರಾತ್ರಿ ಅರ್ಧ ಗುಳಿಗೆ ಜೇನಲ್ಲಿ ತೇದು ಕುಡಿಸಿ ಬೆಳಿಗ್ಗೆ ತಂದಿದ್ರು, ಒಸಡು ಚಾಕಲೇಟ್ ಬಣ್ಣಕ್ಕೆ ತಿರುಗಿತ್ತು. ಉಳೀಲಿಲ್ಲ. ಅವ್ರು ಬೆಂಚ್ ಮೇಲೆ ಕೂತಿದ್ದು ಈಗಲೂ ಕಣ್ಣ ಮುಂದಿದೆ.

ಒಂದು ವಾರದೊಳಗೆ ಎರಡನ್ನೂ ಒಂದು ಸಲ ತೋರಿಸಿ. ಕಾರ್ಡಲ್ಲಿ ನೋಡ್ಬೇಕಾದ್ದು ರೇಬೀಸ್ ಮತ್ತೆ ಟ್ರೈಕ್ಯಾಟ್ (ಬೆಕ್ಕಿನ ಮೂರು ರೋಗಕ್ಕೆ ಸೇರಿಸಿ ಹಾಕೋ ಒಂದೇ ವ್ಯಾಕ್ಸಿನ್), ಡೇಟ್ ಮುಗಿದಿದ್ಯಾ ಅಂತ. ಜಂತುಹುಳ ಔಷಧಿ ಯಾವಾಗ ಕೊಟ್ಟಿದ್ದು ಅಂತ ಶೆಲ್ಟರ್‌ಗೆ ಫೋನ್ ಮಾಡಿ ಕೇಳಿ. ಪ್ರೈವೇಟ್ ಕ್ಲಿನಿಕ್ ಖರ್ಚು ಜಾಸ್ತಿ ಅನ್ಸಿದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದೆ, ಕಾಯ್ಬೇಕಾಗುತ್ತೆ ಆದ್ರೆ ನೋಡ್ತಾರೆ. ರಟ್ಟಿನ ಡಬ್ಬದಲ್ಲಿ ಮತ್ತೆ ತರ್ಬೇಡಿ, ಕ್ಯಾರಿಯರ್ ಒಂದು ತಗೊಳಿ, ಮೇಲಿಂದ ತೆಗೆಯೋಕೆ ಬರೋದು. ತಂದ ಮೇಲೆ ಅಟ್ಟಕ್ಕೆ ಎಸೀಬೇಡಿ, ಬಾಗಿಲು ಬಿಚ್ಚಿ ಅದೇ ರೂಮಲ್ಲಿ ಇಟ್ಟಿರಿ, ಒಳಗೆ ಆಗಾಗ ಎರಡು ಕಾಳು ಫುಡ್ ಹಾಕಿ, ಹೋಗೋ ದಿನ ತಾನೇ ಹತ್ತಿ ಕೂರುತ್ತೆ. ಗಾಡೀಲಿ ಮೇಲೊಂದು ಟವೆಲ್ ಮುಚ್ಚಿ.

ಇನ್ನೊಂದು, ಬಾಲ್ಕನಿ. ಪಾರಿವಾಳದ ನೈಲಾನ್ ನೆಟ್ ಇದೆ ಸಾಕು ಅಂದ್ಕೋಬೇಡಿ, ಬೆಕ್ಕು ಒಂದು ರಾತ್ರೀಲಿ ಕಡಿದು ತೂತು ಮಾಡುತ್ತೆ. ಕಿಟಕಿ ಸೊಳ್ಳೆ ಪರದೆಗೆ ಒರಗಿ ಕೂತು ಪರದೆ ಸಮೇತ ಬಿದ್ದಿರೋ ಕೇಸು ನೋಡಿದೀನಿ, ದವಡೆ ಸೀಳಿತ್ತು. ಗಟ್ಟಿ ಸ್ಟೀಲ್ ಮೆಶ್ ಹಾಕಿಸೋವರೆಗೂ ಬಾಲ್ಕನಿ ಬಾಗಿಲು ಬಂದ್. ಅದಕ್ಕೇ ಟ್ರೇ ಕೂಡ ಒಳಗೆ ಬರ್ಲಿ.

ಮೂರನೇಮಹಡಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮಗಳನ್ನ ನಿನ್ನೆ ಸಂಜೆನೇ ತೋರಿಸಿದ್ವಿ, ಇಂಜೆಕ್ಷನ್ ಶುರು ಆಗಿದೆ, ಕೈಗಿಂತ ಜಾಸ್ತಿ ಅವಮಾನ ಆಗಿದೆ ಅವಳಿಗೆ. ಫಿನಾಯಿಲ್ ಎಸೆದಾಯ್ತು. ರಾತ್ರಿ ಬಾಗಿಲು ಮುಚ್ಚಿ ಬಟ್ಟಲು ಇಟ್ಟಿದ್ದೆ, ಬೆಳಿಗ್ಗೆ ಮುಕ್ಕಾಲು ಖಾಲಿ!! ಟ್ರೇಲೂ ಒಂದು ಗಟ್ಟಿ ಆಗಿರೋ ಉಂಡೆ ಇತ್ತು, ಅದನ್ನ ನೋಡಿ ಇಷ್ಟು ಖುಷಿ ಪಡ್ತೀನಿ ಅಂತ ಜನ್ಮದಲ್ಲಿ ಅಂದ್ಕೊಂಡಿರ್ಲಿಲ್ಲ.

ಒಂದೇ ಸಮಸ್ಯೆ. ಆ ರೂಮು ಅತ್ತೆದು. ಮಗಳು ಅವರ ಜೊತೆ ಮಲಗ್ತಿದ್ದವಳು ನಮ್ಮ ರೂಮಿಗೆ ಬಂದ್ಲು, ಅತ್ತೆ ಮಾತ್ರ ನಲವತ್ತು ವರ್ಷದಿಂದ ನಾನು ಯಾವ ಬೆಕ್ಕಿಗೂ ಜಾಗ ಬಿಟ್ಟಿಲ್ಲ ಅಂತ ಅಲ್ಲೇ. ಬೆಕ್ಕಿಗೆ ಒಂಟಿ ರೂಮು ಕೊಡೋಕಾಗಲ್ಲ, ಅತ್ತೆ ಜೊತೆಗೇ ಬರುತ್ತೆ. ಪರವಾಗಿಲ್ವಾ?

ಹುಬ್ಳಿಹೈದ:

ಅತ್ತಿಯವ್ರು ಇದ್ರ ಚೊಲೋನ ಆತು, ಗದ್ಲಾ ಮಾಡೂದಿಲ್ಲ, ಎಳಿಯೂದಿಲ್ಲ. ಆದ್ರ ಅವರ ಟ್ರಂಕಿನ್ಯಾಗ ನುಸಿಗುಳಿಗಿ ಇಟ್ಟಾರೇನು ನೋಡ್ರಿ, ಅದೂ ಬೆಕ್ಕಿಗೆ ವಿಷ. ನೆಲದ ಮ್ಯಾಲೆ ಒಂದು ಉರುಳಿ ಬಿದ್ರ ಆಡ್ಕೋಂತ ಬಾಯಾಗ ಹಾಕ್ಕೋತಾವ. ನೋವಿನ ಮುಲಾಮು ಹಚ್ಚಿದ ಮೊಣಕಾಲು ನೆಕ್ಕಾಕ ಬಿಡಬ್ಯಾಡ್ರಿ.

ಥೇಮ್ಸ್‌ದಂಡೆ:

ನಾನು ಇಂಗ್ಲೆಂಡ್‌ನಲ್ಲಿರೋದು, ಮೂಲ ಶಿವಮೊಗ್ಗ. ಹೋದ ವರ್ಷ ಇಲ್ಲಿ ಶೆಲ್ಟರ್‌ನಿಂದ ಒಂಬತ್ತು ವರ್ಷದ ಒಂದು ಮುದಿ ಬೆಕ್ಕು ತಂದೆ. ಇಲ್ಲಿ ಕೊಡೋ ಮುಂಚೆ ನಮ್ಮ ಮನೆ ಫೋಟೋ, ರಸ್ತೆ ಎಷ್ಟು ಹತ್ರ, ದಿನಕ್ಕೆ ಎಷ್ಟು ಗಂಟೆ ಮನೇಲಿರ್ತೀರಿ ಎಲ್ಲ ಕೇಳಿದ್ರು, ಹೆಣ್ಣು ಕೊಡೋರು ಕೂಡ ಇಷ್ಟು ಕೇಳಲ್ಲ. 2024ರ ಜೂನ್ 10ರಿಂದ ಇಂಗ್ಲೆಂಡ್‌ನಲ್ಲಿ ಸಾಕಿದ ಬೆಕ್ಕಿಗೆ 20 ವಾರ ತುಂಬೋದ್ರೊಳಗೆ ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕೋ ಗುರುತಿನ ಚಿಪ್) ಹಾಕ್ಸೋದು ಕಡ್ಡಾಯ, ಹಾಗಾಗಿ ಚಿಪ್ ಮೊದಲೇ ಇತ್ತು, ಮಾಲೀಕರ ಹೆಸರು ಬದಲಾಯಿಸಿದ್ದಷ್ಟೇ. ನಿಮ್ಮಲ್ಲೂ ಕ್ಲಿನಿಕ್‌ಗಳಲ್ಲಿ ಹಾಕ್ತಾರೆ, ಕೇಳಿ ನೋಡಿ.

ರಾತ್ರಿ ಕೂಗೋದಕ್ಕೆ ನಂಗೆ ಕೆಲಸ ಮಾಡಿದ್ದು ಹೇಳ್ತೀನಿ. ಮಲಗೋಕೆ ಅರ್ಧ ಗಂಟೆ ಮುಂಚೆ ಕೋಲಿಗೆ ದಾರ ಕಟ್ಟಿ ಏದುಸಿರು ಬರೋವರೆಗೂ ಆಡಿಸೋದು, ಕೊನೇಲಿ ಅದಕ್ಕೆ ಹಿಡಿಯೋಕೆ ಬಿಡೋದು, ತಕ್ಷಣ ಹೊಟ್ಟೆ ತುಂಬ ಊಟ. ಬೇಟೆ, ಊಟ, ಮೈ ನೆಕ್ಕೋದು, ನಿದ್ದೆ, ಅದರ ಕ್ರಮ ಅದು. ಮೂರು ಗಂಟೆಗೆ ಕೂಗಿದಾಗ ಎದ್ದು ಹೋಗಿ ಊಟ ಕೊಟ್ರೆ ಮುಗೀತು, ನಾಳೆ ಎರಡೂವರೆಗೆ ಕೂಗುತ್ತೆ. ಮತ್ತೆ ಶೆಲ್ಟರ್‌ನಲ್ಲಿ ಯಾವ ಲಿಟ್ಟರ್ ಬಳಸ್ತಿದ್ರೋ ಅದನ್ನೇ ಕೆಲವು ವಾರ ಹಾಕಿ. ಮಣ್ಣಿನ ತರದ್ದು ಅಭ್ಯಾಸ ಇರೋದಕ್ಕೆ ದಿಢೀರ್ ಅಂತ ಮರದ ಉಂಡೆ ಹಾಕಿದ್ರೆ ಮ್ಯಾಟೇ ವಾಸಿ ಅನ್ಸುತ್ತೆ ಅದಕ್ಕೆ.

ಮೂರನೇಮಹಡಿ:

ಹದಿನೇಳು ದಿನ ಆಯ್ತು, ಅಪ್‌ಡೇಟ್ ಹಾಕೋಣ ಅಂತ ಬಂದೆ.

ಕೇಸರಿ ಕಣ್ಣು ಸರಿ ಹೋಯ್ತು, ಡಾಕ್ಟ್ರು ಒಂದು ಡ್ರಾಪ್ಸ್ ಕೊಟ್ಟಿದ್ರು. ಶೆಲ್ಟರ್‌ನಲ್ಲಿ ಮರಳಿನ ತರ ಇರೋ ಲಿಟ್ಟರ್ ಹಾಕ್ತಿದ್ರಂತೆ, ನಾವು ತಂದಿದ್ದು ಮರದ ಪುಡಿ ಉಂಡೆ. ಬದಲಾಯಿಸಿದ ದಿನದಿಂದ ಮ್ಯಾಟ್ ಕಡೆ ತಿರುಗಿ ನೋಡಿಲ್ಲ. ರಾತ್ರಿ ಕೂಗೋದು ಪೂರ್ತಿ ನಿಂತಿಲ್ಲ, ಮೂರು ಗಂಟೆ ಹೋಗಿ ಐದು ಗಂಟೆ ಆಗಿದೆ, ಐದಕ್ಕೆ ಹೇಗೂ ಅತ್ತೆ ಏಳ್ತಾರೆ. ಟ್ರಂಕಲ್ಲಿ ನುಸಿಗುಳಿಗೆ ಒಂದು ಹಿಡಿ ಸಿಕ್ತು, ಕಹಿಬೇವಿನ ಎಲೆ ಹಾಕಿ ಕೊಟ್ವಿ, ನಮ್ಮತ್ತೆ ಮದುವೆ ಸೀರೆಗೆ ಏನಾದ್ರೂ ಆದ್ರೆ ಬೆಕ್ಕನ್ನೇ ಹೊದ್ಕೋತೀನಿ ಅಂದ್ರು.

ರಾಗಿ ವಿಷಯ ಬರೀಬೇಕು. ನಾವ್ಯಾರೂ ಇಣುಕೋದು ನಿಲ್ಲಿಸಿದ್ವಿ. ನಾನು ದಿನಾ ಸಂಜೆ ಹೋಗಿ ಬೆನ್ನು ತಿರುಗಿಸಿ ಕೂತು ಕಣ್ಣು ಮಿಟುಕಿಸೋ ಪ್ರಯೋಗ ಮಾಡ್ತಿದ್ದೆ, ಏನೂ ಇಲ್ಲ. ಅತ್ತೆ ಏನೂ ಮಾಡ್ತಿರ್ಲಿಲ್ಲ, ಅವರಿಗೆ ಅದು ಇದೆ ಅನ್ನೋದೇ ಲೆಕ್ಕಕ್ಕಿಲ್ಲ, ಬೆಳಿಗ್ಗೆ ಸಹಸ್ರನಾಮ, ಮಧ್ಯಾಹ್ನ ನಿದ್ದೆ. ಈಗ ಅವರೆಕಾಯಿ ಕಾಲ ಅಲ್ವಾ, ಮೊನ್ನೆ ಗುರುವಾರ ನೆನೆಸಿದ ಅವರೆಕಾಳು ಬೋಗುಣಿಲಿ ಹಾಕ್ಕೊಂಡು ದಿವಾನ್‌ಗೆ ಒರಗಿ ನೆಲದ ಮೇಲೆ ಕೂತು ಹಿತುಕ್ತಾ ಇದ್ರು. ಒಂದೊಂದು ಕಾಳು ಹಿತುಕಿದಾಗ್ಲೂ ಬೇಳೆ ಚಿಮ್ಮಿ ಪಾತ್ರೆಗೆ ಟಪ್ ಅಂತ ಬೀಳುತ್ತೆ, ಸಿಪ್ಪೆ ಪಕ್ಕದ ಪೇಪರ್ ಮೇಲೆ. ನಾನು ಬಾಗಿಲ ಹತ್ರ ನಿಂತಿದ್ದೆ. ದಿವಾನ್ ಕೆಳಗಿಂದ ಒಂದು ಬೂದಿ ಬಣ್ಣದ ಕಾಲು ಈಚೆ ಬಂತು. ಸಿಪ್ಪೆ ಮೇಲೆ ಮೆತ್ತಗೆ ಇಟ್ಟು ಎಳ್ಕೊಂಡು ಒಳಗೆ ಹೋಯ್ತು. ಮತ್ತೆ ಬಂತು, ಇನ್ನೊಂದು ಸಿಪ್ಪೆ. ನಾಲ್ಕನೇ ಸಲಕ್ಕೆ ಅತ್ತೆ ತಲೆ ಎತ್ತದೇ ಒಂದು ಬೇಳೆನ ಬೇಕು ಅಂತಲೇ ನೆಲದ ಮೇಲೆ ಚಿಮ್ಮಿಸಿದ್ರು. ಪೂರ್ತಿ ಬೆಕ್ಕು ಈಚೆ ಬಂತು! ಬೇಳೆನ ಬಾಗಿಲವರೆಗೂ ಅಟ್ಟಿಸ್ಕೊಂಡು ಬಂದು ನನ್ನ ನೋಡಿ ಗಕ್ಕನೆ ನಿಂತು, ತಿರುಗಿ ಓಡಿ ಅತ್ತೆ ಮಡಿಲ ಹಿಂದೆ ಬಚ್ಚಿಟ್ಕೊಂಡಿತು. ಅತ್ತೆ ನನ್ನ ಕಡೆ ನೋಡಿ, ಅಲ್ಲಿ ನಿಂತು ಹೆದರಿಸ್ಬೇಡ ಹೋಗೇ ಅಂದ್ರು.

ಈಗ ರಾತ್ರಿ ಅವರ ಕಾಲ ಹತ್ರ ಮಲಗುತ್ತೆ. ಮುಟ್ಟೋದಿಲ್ವಂತೆ ಇವ್ರು, ಮಡಿ. ಆದ್ರೆ ನಿನ್ನೆ ಚಳಿ ಅಂತ ತಮ್ಮ ಶಾಲು ಅದರ ಮೇಲೆ ಹೊದಿಸಿದ್ದು ನಾನು ನೋಡಿದೀನಿ. ಯಜಮಾನ್ರು ಬಾಲ್ಕನಿ ಮೆಶ್‌ಗೆ ಅಳತೆ ತಗೊಂಡು ಹೋಗಿದಾರೆ.

ಸೂಜಿಮದ್ದು:

ಸೂಪರ್. ಬೇಳೆ ಆಡೋಕೆ ಮಾತ್ರ, ಹಸಿ ಅವರೆ ತಿನ್ನೋಕೆ ಬಿಡ್ಬೇಡಿ, ಆಟ ಮುಗಿದ ಮೇಲೆ ಗುಡಿಸಿಬಿಡಿ.

ಪುಚ್ಚೆಮನೆ:

ಅತ್ತೆಗೆ ನನ್ನದೊಂದು ನಮಸ್ಕಾರ ಹೇಳಿ. ಹದಿನೈದು ದಿನ ತಿರುಗಿ ನೋಡದೆ ಇರ್ಲಿಕ್ಕೆ ನನಗೆ ಇಷ್ಟು ವರ್ಷದಲ್ಲೂ ಬರ್ಲಿಲ್ಲ.

ಹುಬ್ಳಿಹೈದ:

ಆ ಹಿತಕಿದ ಬ್ಯಾಳಿ ಸಾರು ಹೆಂಗ ಮಾಡೂದಂತ ಅತ್ತಿಯವ್ರನ್ನ ಕೇಳಿ ಅಡಗಿ ಥ್ರೆಡ್‌ನ್ಯಾಗ ಹಾಕ್ರೀ, ನಮ್ಮ ಕಡೆ ಆ ಪದ್ಧತಿ ಇಲ್ಲ.